ತೋಟದ ಔಷಧಿ ಪೆಟ್ಟಿಗೆ ಮತ್ತು ಬಸುರಿ ಹೆಂಗಸು

ಸದಸ್ಯ ಬಾಂಧವರ ಮನೆಗಳಲ್ಲಿ ಒಂದೊಂದು ಔಷಧಿ ಪೆಟ್ಟಿಗೆ ಇದ್ದೇ ಇರುತ್ತದೆ. ಟಿಂಚರು, ಬ್ಯಾಂಡೇಜು, ಜ್ವರಕ್ಕೊಂದು ಮಾತ್ರೆ, ಮೈಕೈ ನೋವಿಗೊಂದು ಮಾತ್ರೆ. ಕಳೆದ ಕಾಫಿ ಕುಯ್ಲಿನಲ್ಲಿ ನಮ್ಮ ಲೈನಿನ ಏಳು ತಿಂಗಳ ಬಸುರಿಯೊಬ್ಬಳು ಸೊಂಟನೋವೆಂದು ಬಂದಾಗ ನಾವು ಅದರಿಂದಲೇ ಡೈಕ್ಲೋಫೆನಾಕ್ ತೆಗೆದು ಕೊಟ್ಟೆವು. ಒಂದಲ್ಲ, ಮೂರು ದಿನ. ನಾಲ್ಕನೆಯ ದಿನ ಬಂದ ಆರೋಗ್ಯ ಸಹಾಯಕಿ ಮಾತ್ರೆಯ ಹಾಳೆ ನೋಡಿ, "ಇದನ್ನು ಕೊಟ್ಟವರು ಯಾರು?" ಎಂದಾಗ ಪದವೀಧರರಾದ ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಕೂಡಲೇ ಸ್ಕ್ಯಾನಿಂಗ್ ಮಾಡಿಸಿದೆವು. ದೇವರ ದಯೆ, ಮಗು ಕ್ಷೇಮವಾಗಿತ್ತು.

ವೈದ್ಯರು ವಿವರಿಸಿದ್ದು ಹೀಗೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಮಗುವಿನ ಮೂತ್ರಪಿಂಡದ ಕೆಲಸವನ್ನು ಕುಗ್ಗಿಸಬಲ್ಲವು. ಮಗುವಿನ ಸುತ್ತಲಿನ ನೀರು ಬಹುಪಾಲು ಅದರ ಮೂತ್ರವೇ ಆದ್ದರಿಂದ ಆ ನೀರು ಇಳಿಯುತ್ತದೆ. ಕೊನೆಯ ಮೂರು ತಿಂಗಳಲ್ಲಾದರೆ, ಹುಟ್ಟಿದ ಮೇಲೆ ಮುಚ್ಚಬೇಕಾದ ಹೃದಯದ ಬಳಿಯ ರಕ್ತನಾಳ ಗರ್ಭದಲ್ಲೇ ಮುಚ್ಚತೊಡಗಬಹುದು. 20 ವಾರದ ನಂತರ ಇವು ಬೇಡವೆಂದು ಅಮೆರಿಕದ ಔಷಧಿ ನಿಯಂತ್ರಣ ಇಲಾಖೆ 2020ರಲ್ಲೇ ಎಚ್ಚರಿಸಿದೆ. ನೋವು ಜ್ವರಗಳಿಗೆ ಪ್ಯಾರಾಸಿಟಮಾಲ್, ಅದೂ ವೈದ್ಯರು ಹೇಳಿದಷ್ಟೇ. ಇಲಿಜ್ವರಕ್ಕೆಂದು ನಾವು ಇಟ್ಟುಕೊಳ್ಳುವ ಡಾಕ್ಸಿಸೈಕ್ಲಿನ್ ಅನ್ನೂ ಬಸುರಿಗೆ ಕೇಳದೆ ಕೊಡಬಾರದು. ಹಾಗೆಂದು ಹೆದರಿ ಫಿಟ್ಸಿನ, ಥೈರಾಯ್ಡಿನ ಮಾತ್ರೆಗಳನ್ನು ತಾವಾಗಿ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು.

ವೈದ್ಯರು ಆಕೆಯ ಊಟವನ್ನೂ ವಿಚಾರಿಸಿದರು. ಮಗುವಿನ ಮಿದುಳು, ಕಣ್ಣುಗಳ ಬೆಳವಣಿಗೆಗೆ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ದಿನಕ್ಕೆ 200 ಮಿಲಿಗ್ರಾಮಿನಷ್ಟು ಬೇಕಂತೆ. ಘಟ್ಟದ ಕೆಳಗಿನಿಂದ ಬರುವ ಬೂತಾಯಿ, ಬಂಗುಡೆಗಳಲ್ಲಿ ಇದು ಹೇರಳ. ಸುಮಾರು 20 ಸಾವಿರ ಗರ್ಭಿಣಿಯರ ಮೇಲಿನ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2018ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಒಮೆಗಾ-3 ಪಡೆದವರಲ್ಲಿ 34 ವಾರಕ್ಕೆ ಮೊದಲಿನ ಹೆರಿಗೆ ನೂರಕ್ಕೆ 4.6ರಿಂದ 2.7ಕ್ಕೆ ಇಳಿದಿತ್ತು. ಶಾರ್ಕ್ ಮಾತ್ರ ಬೇಡ, ಅದರಲ್ಲಿ ಪಾದರಸ ಹೆಚ್ಚು. ಕಾಡ್ ಮೀನಿನ ಲಿವರ್ ಎಣ್ಣೆಯೂ ಬೇಡ, ಅದರ 'ಎ' ಜೀವಸತ್ವ ಅತಿಯಾದರೆ ಮಗುವಿಗೆ ಕೇಡು. ಶಾಕಾಹಾರಿಗಳಿಗೆ ಅಗಸೆ ಚಟ್ನಿ ಒಳ್ಳೆಯದೇ, ಆದರೆ ಅದರ ಕೊಬ್ಬಿನಾಮ್ಲ ದೇಹದಲ್ಲಿ ಡಿಎಚ್‌ಎ ಆಗುವುದು ಅತಿ ಅಲ್ಪ. ಪಾಚಿಯಿಂದ ತೆಗೆದ ಕ್ಯಾಪ್ಸೂಲುಗಳಿವೆ, ವೈದ್ಯರನ್ನು ಕೇಳಬೇಕು.

ಕಾಫಿ ಬೆಳೆಯುವ ನಾವೇ ಹೇಳಬೇಕಾದ ಮಾತೊಂದಿದೆ: ಬಸುರಿಗೆ ದಿನಕ್ಕೆ 200 ಮಿಲಿಗ್ರಾಮ್ ಕೆಫೀನು ಮಿತಿ. ಎರಡು ಸಣ್ಣ ಲೋಟ ಸಾಕು. ಎಲೆಯಡಿಕೆಯನ್ನಂತೂ ಬಿಡುವುದೇ ಸರಿ. ಅಡಿಕೆ ಬೆಳೆಗಾರರು ಮುನಿಯಬಾರದು.

ಪೆಟ್ಟಿಗೆಯ ಮುಚ್ಚಳಕ್ಕೆ "ಬಸುರಿಗೆ ಕೇಳದೆ ಕೊಡಬಾರದು" ಎಂದು ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದೇವೆ. ಅಂಥದೇ ಚೀಟಿಗಳು ಸಂಘದ ಕಚೇರಿಯಲ್ಲಿವೆ. ಗೊಬ್ಬರ ಒಯ್ಯಲು ಬಂದಾಗ ಒಂದನ್ನು ಕೇಳಿ ಪಡೆಯಿರಿ.