ಒಂದು ದಿನದ ಮರಿ: ಹುಂಜವೋ ಹೇಂಟೆಯೋ?

ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಕೋಳಿಮರಿಗಳನ್ನು ನೋಡದವರು ಕಡಿಮೆ. ಅಗ್ಗಕ್ಕೆ ಮಕ್ಕಳ ಕೈಸೇರುವ ಆ ಮರಿಗಳಲ್ಲಿ ಬಹುಪಾಲು ಹುಂಜಗಳು. ಮೊಟ್ಟೆಕೋಳಿ ಉದ್ಯಮಕ್ಕೆ ಅವು ಬೇಡ. ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರ್‌ನಂತೆ ಆರು ವಾರದೊಳಗೆ ಮೈ ತುಂಬಿಕೊಳ್ಳುವುದೂ ಇಲ್ಲ. ಅದಕ್ಕೇ ಹ್ಯಾಚರಿಯಲ್ಲಿ ಹುಟ್ಟಿದ ದಿನವೇ ಅವನ್ನು ಬೇರೆ ಮಾಡುತ್ತಾರೆ.

ಹಿತ್ತಿಲಲ್ಲಿ ನಾಟಿ ಕೋಳಿ ಸಾಕುವವರಿಗೆ ಆ ಅವಸರವಿಲ್ಲ. ಆರೆಂಟು ವಾರ ಕಾದರೆ ಹುಂಜದ ಜುಟ್ಟು ದಪ್ಪಗಾಗಿ ಕೆಂಪೇರುತ್ತದೆ. ಇನ್ನೂ ಕೆಲವು ವಾರ ಕಳೆದರೆ ಅದರ ಕತ್ತು, ಸೊಂಟದ ಗರಿಗಳು ಚೂಪಾಗಿ ಇಳಿಬೀಳುತ್ತವೆ. ಹೇಂಟೆಯ ಗರಿಗಳ ತುದಿ ದುಂಡಗೇ ಉಳಿಯುತ್ತದೆ. ಚೂಪು ಮೊಟ್ಟೆಯಿಂದ ಹುಂಜ, ದುಂಡು ಮೊಟ್ಟೆಯಿಂದ ಹೇಂಟೆ ಎಂಬ ನಂಬಿಕೆಯನ್ನು ಮಾತ್ರ ಬಿಟ್ಟುಬಿಡಬೇಕು. ಮೊಟ್ಟೆಗೆ ಆಕಾರ ಬರುವುದು ತಾಯಿಯ ಅಂಡನಾಳದಲ್ಲಿ. ಮರಿಯ ಲಿಂಗ ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ.

ಮೊದಲ ದಿನವೇ ಗುರುತಿಸುವ ವಿದ್ಯೆಯನ್ನು ಜಗತ್ತಿಗೆ ಕಲಿಸಿದ್ದು ಜಪಾನ್. ಕಿಯೋಶಿ ಮಸುಯಿ ಮತ್ತು ಅವರ ಸಂಗಡಿಗರು 1920ರ ದಶಕದಲ್ಲಿ ರೂಪಿಸಿದ ವಿಧಾನ 1927ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ವಿಶ್ವ ಕುಕ್ಕುಟ ಸಮ್ಮೇಳನದ ಮೂಲಕ ಹೊರಗಿನವರಿಗೆ ತಿಳಿಯಿತು. ಪ್ರಖರ ದೀಪದ ಕೆಳಗೆ ಮರಿಯನ್ನು ಎಡಗೈಯಲ್ಲಿ ಹಿಡಿದು, ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಹಿಕ್ಕೆ ತೆಗೆಯುತ್ತಾರೆ. ಹೆಬ್ಬೆರಳಿನಿಂದ ಗುದದ್ವಾರವನ್ನು ಅರಳಿಸಿದರೆ ಒಳಗಡೆ ಗುಂಡುಸೂಜಿ ತಲೆಯಷ್ಟು ಉಬ್ಬು ಕಾಣಬಹುದು. ಅದು ಗಟ್ಟಿಯಾಗಿ, ದುಂಡಗೆ, ಹೊಳೆಯುತ್ತಿದ್ದರೆ ಹುಂಜ. ಹೇಂಟೆಯಲ್ಲಿ ಉಬ್ಬು ಇರುವುದಿಲ್ಲ, ಇದ್ದರೂ ಚಪ್ಪಟೆ, ಮೆತ್ತಗೆ. ಕಷ್ಟವಿರುವುದು ಈ ‘ಇದ್ದರೂ’ ಎಂಬಲ್ಲೇ. ಎರಡರ ನಡುವಣ ಹತ್ತಾರು ರೂಪಗಳು ಕಣ್ಣಿಗೆ ಕೂರಬೇಕಾದರೆ ವರ್ಷಗಟ್ಟಲೆ ಅಭ್ಯಾಸ ಬೇಕು. ಒತ್ತಡ ಸ್ವಲ್ಪ ಹೆಚ್ಚಾದರೂ ಮರಿ ಸಾಯುತ್ತದೆ. ಪಳಗಿದವರು ಗಂಟೆಗೆ ಸಾವಿರದಷ್ಟು ಮರಿಗಳನ್ನು ನೋಡುತ್ತಾರೆ. 100ರಲ್ಲಿ 98 ಸರಿಯಿರುತ್ತದೆ. ಇದು ಮಾತಿನಲ್ಲಿ ಹೇಳಲಾಗದ ಒಳಗಣ್ಣಿನ ವಿದ್ಯೆ ಎಂದೇ ಬಹಳ ಕಾಲ ಹೆಸರಾಗಿತ್ತು. ಆದರೆ ಎಲ್ಲಿ ನೋಡಬೇಕು, ಉಬ್ಬೋ ಚಪ್ಪಟೆಯೋ ಎಂದು ಹೇಗೆ ತಿಳಿಯಬೇಕು ಎಂಬುದನ್ನು ಒಂದೇ ಪುಟದಲ್ಲಿ ವಿವರಿಸಿಕೊಟ್ಟಾಗ, ಏನೂ ಅರಿಯದ ಹೊಸಬರು ಚಿತ್ರ ನೋಡಿ ಹೇಳಿದ ಉತ್ತರ ಶೇ 60ರಷ್ಟು ಸರಿಯಿದ್ದದ್ದು ಶೇ 84ಕ್ಕೆ ಏರಿತೆಂದು ಮನಶ್ಶಾಸ್ತ್ರಜ್ಞರಾದ ಬೀಡರ್ಮನ್ ಮತ್ತು ಶಿಫ್ರಾರ್ 1987ರಲ್ಲಿ ತೋರಿಸಿದರು. ಚಿತ್ರ ನಿಶ್ಚಲ, ಮರಿ ಒದ್ದಾಡುವ ಜೀವ. ಕೈಯ ಪಳಗು ಪುಟ ಓದಿ ಬರುವಂಥದ್ದಲ್ಲ.

ಇನ್ನೊಂದು ದಾರಿ ರೆಕ್ಕೆಯದು. ಮನುಷ್ಯರಲ್ಲಿ ಮಗುವಿನ ಲಿಂಗ ತಂದೆಯ ಕಡೆಯಿಂದ ತೀರ್ಮಾನವಾದರೆ ಕೋಳಿಯಲ್ಲಿ ತಾಯಿಯಿಂದ. ಹುಂಜಕ್ಕೆ ಎರಡು ಝಡ್ ವರ್ಣತಂತು, ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯೂ. ಹೆಣ್ಣುಮರಿಯ ಒಂದೇ ಝಡ್ ಬರುವುದು ತಂದೆಯಿಂದ. ಗರಿ ಬೇಗ ಬರುವ ಹುಂಜಕ್ಕೆ ಗರಿ ತಡವಾಗಿ ಬರುವ ಹೇಂಟೆಯನ್ನು ಜೋಡಿ ಮಾಡಿದರೆ ಹೆಣ್ಣುಮರಿ ಅಪ್ಪನನ್ನು, ಗಂಡುಮರಿ ಅಮ್ಮನನ್ನು ಹೋಲುತ್ತದೆ. ಅಂಥ ಮರಿಯ ರೆಕ್ಕೆ ಬಿಡಿಸಿ ನೋಡಿ: ಕೆಳಸಾಲಿನ ಗರಿ ಮೇಲುಸಾಲಿಗಿಂತ ಉದ್ದವಿದ್ದರೆ ಹೇಂಟೆ, ಎರಡೂ ಸಮವಿದ್ದರೆ ಹುಂಜ. ಆದರೆ ಬೇಕೆಂದೇ ಹೀಗೆ ಜೋಡಿ ಮಾಡಿದ ತಳಿಯಲ್ಲಷ್ಟೇ ಇದು ನಿಜ. ನಾಟಿ ಮರಿಯ ರೆಕ್ಕೆ ಬಿಡಿಸಿ ಹುಂಜ, ಹೇಂಟೆ ಎಂದು ಮಾರುವವರ ಮಾತು ನಂಬಿ ದುಡ್ಡು ಕೊಡಬೇಡಿ.

ಇಷ್ಟೆಲ್ಲ ಜಾಣ್ಮೆಯ ಆಚೆ ಬದಿಯಲ್ಲಿರುವುದು ಸಾವು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 700 ಕೋಟಿ ಗಂಡುಮರಿಗಳನ್ನು ಹುಟ್ಟಿದ ಬೆನ್ನಿಗೇ ಯಂತ್ರಕ್ಕೆ ಹಾಕಿ ಅರೆದೋ ಅನಿಲ ಹಾಯಿಸಿಯೋ ಕೊಲ್ಲುತ್ತಾರೆಂಬ ಅಂದಾಜಿದೆ. ದಿನವಿಡೀ ಮರಿ ಹಿಡಿದು ನೋಡುವವರನ್ನು ಇದಕ್ಕೆ ದೂರಲಾರೆ. ಲೆಕ್ಕ ಹಾಕಿದ್ದು ಅವರಲ್ಲ. ಮೊಟ್ಟೆಗೂ ಮಾಂಸಕ್ಕೂ ತಳಿಗಳನ್ನು ಬೇರೆ ಬೇರೆಯಾಗಿ ಬೆಳೆಸಿದಂದೇ ಮೊಟ್ಟೆತಳಿಯ ಹುಂಜಕ್ಕೆ ಜಾಗವಿಲ್ಲದಾಯಿತು. ಜರ್ಮನಿ 2022ರ ಜನವರಿ 1ರಿಂದ ಈ ಹತ್ಯೆಯನ್ನು ನಿಷೇಧಿಸಿದೆ. 21 ದಿನದ ಕಾವು ಮುಗಿಯುವ ಮುನ್ನವೇ ಮೊಟ್ಟೆಯ ದ್ರವದ ಹನಿ ತೆಗೆದು ಹಾರ್ಮೋನು ಪರೀಕ್ಷಿಸುವ, ಚಿಪ್ಪಿನ ಮೂಲಕ ಬೆಳಕು ಹಾಯಿಸಿ ಭ್ರೂಣದ ಗರಿಯ ಬಣ್ಣ ಓದುವ ಯಂತ್ರಗಳು ಅಲ್ಲಿ ಬಂದಿವೆ. ದುಬಾರಿಯಾದರೂ ಒಳ್ಳೆಯ ಹೆಜ್ಜೆ.

ನನಗೆ ಇದಕ್ಕಿಂತ ಹಿಡಿಸುವುದು ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹಿಡಿದ ದಾರಿ. ಅಲ್ಲಿ ರೂಪುಗೊಂಡ ಗಿರಿರಾಜ ಮೊಟ್ಟೆಗೂ ಸೈ, ಮಾಂಸಕ್ಕೂ ಸೈ. ಅದರ ಹೇಂಟೆ ಮೊಟ್ಟೆಫಾರಂ ಕೋಳಿಯ ಅರ್ಧದಷ್ಟು ಮೊಟ್ಟೆ ಇಡುವುದೂ ಕಷ್ಟ, ನಿಜ. ಆದರೆ ಹಿತ್ತಿಲಲ್ಲಿ ಮೇಯ್ದು ಬೆಳೆದ ಅದರ ಹುಂಜಕ್ಕೆ ಸಂತೆಯಲ್ಲಿ ಒಳ್ಳೆಯ ಬೆಲೆಯಿದೆ. ಅಂಥ ಮರಿಯನ್ನು ಮೊದಲ ದಿನವೇ ಹುಂಜವೆಂದು ಕಂಡುಹಿಡಿದು ಎಸೆಯಬೇಕಾದ ಪ್ರಮೇಯವೇ ಬರುವುದಿಲ್ಲ.