ತೈಲದ ಹರಿವು ಮತ್ತು ಕಾಣದ ಕಿಡಿ

ಮಂಗಳೂರಿನ ಕುಲಶೇಖರವನ್ನು ಹಾದು ಮೂಡುಬಿದಿರೆಯತ್ತ ಸಾಗುವ ಹೆದ್ದಾರಿಯಲ್ಲಿ ತೈಲದ ಟ್ಯಾಂಕರುಗಳ ಸಂಚಾರ ಹೊಸತೇನಲ್ಲ. ನವಮಂಗಳೂರು ಬಂದರಿಗೆ ಹಡಗುಗಳಲ್ಲಿ ಬರುವ ಕಚ್ಚಾ ತೈಲವು, 1988ರಲ್ಲಿ ಸ್ಥಾಪಿತವಾದ ಎಂ.ಆರ್.ಪಿ.ಎಲ್. ಸಂಸ್ಥೆಯ ಶುದ್ಧೀಕರಣಾಗಾರದಲ್ಲಿ ಪೆಟ್ರೋಲು, ಡೀಸೆಲ್ ಮುಂತಾಗಿ ಮಾರ್ಪಟ್ಟು ಊರೂರಿಗೆ ಸಾಗುತ್ತದೆ. ಹಡಗಿನಿಂದ ಬಂಕಿನವರೆಗಿನ ಈ ಪಯಣದಲ್ಲಿ ತೈಲವು ಹಲವು ಬಾರಿ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ. ಹೆಚ್ಚಿನ ಎಚ್ಚರ ಬೇಕಾಗುವುದು ಈ ವರ್ಗಾವಣೆಯ ಹೊತ್ತಿನಲ್ಲಿಯೇ.

ಉರಿಯುವುದು ದ್ರವವಲ್ಲ, ಅದರ ಆವಿ. ಪೆಟ್ರೋಲಿನ ಆವಿಯು ಗಾಳಿಯಲ್ಲಿ ಸುಮಾರು ಶೇಕಡಾ 1.4ರಿಂದ 7.6ರಷ್ಟು ಬೆರೆತಾಗ ಸ್ಫೋಟಕವಾಗುತ್ತದೆ. ಗಾಳಿಗಿಂತ ಭಾರವಾದ ಈ ಆವಿಯು ನೆಲದ ಮೇಲೆ ಹರಿದು ತಗ್ಗುಗಳಲ್ಲಿಯೂ ಚರಂಡಿಗಳಲ್ಲಿಯೂ ನಿಲ್ಲುತ್ತದೆ. ಬೀಡಿ, ಬೆಂಕಿಕಡ್ಡಿಗಳನ್ನು ದೂರವಿಟ್ಟರೆ ಸಾಕೆಂದು ಭಾವಿಸುವವರುಂಟು. ಆದರೆ ಕಿಡಿಯನ್ನು ತೈಲದ ಹರಿವೇ ಹುಟ್ಟಿಸಬಲ್ಲದು. ಒಣಗೂದಲನ್ನು ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವುದನ್ನು ನಾವು ತರಗತಿಯಲ್ಲಿ ತೋರಿಸುತ್ತೇವಷ್ಟೆ. ಕೊಳವೆಯಲ್ಲಿ ವೇಗವಾಗಿ ಹರಿಯುವ ತೈಲದಲ್ಲಿಯೂ ಅದೇ ಸ್ಥಾಯೀ ವಿದ್ಯುತ್ತು ಸಂಗ್ರಹವಾಗುತ್ತದೆ. ಅದು ಸಮೀಪದ ಲೋಹಕ್ಕೆ ಕಿಡಿಯಾಗಿ ಹಾರಬಹುದು. ಪೆಟ್ರೋಲಿನ ಆವಿಯನ್ನು ಹೊತ್ತಿಸಲು ಒಂದು ಮಿಲಿಜೌಲಿಗಿಂತ ಕಡಿಮೆ ಶಕ್ತಿಯ ಕಿಡಿಯೇ ಸಾಕು.

ಆದುದರಿಂದ ಮುಚ್ಚಳ ತೆರೆಯುವ ಮೊದಲೇ ಎರಡು ತೊಟ್ಟಿಗಳನ್ನೂ ಲೋಹದ ತಂತಿಯಿಂದ ಪರಸ್ಪರ ಜೋಡಿಸಿ, ಭೂಸಂಪರ್ಕ ಕೊಡಬೇಕು. ಕೆಲಸ ಮುಗಿದು ಮುಚ್ಚಳ ಹಾಕಿದ ಬಳಿಕವೇ ತಂತಿಯನ್ನು ತೆಗೆಯಬೇಕು. ತುಂಬುವ ಕೊಳವೆಯ ಬಾಯಿ ತೊಟ್ಟಿಯ ತಳದ ಬಳಿಯಿರಬೇಕು. ಅದು ದ್ರವದಲ್ಲಿ ಮುಳುಗುವವರೆಗೆ ಹರಿವಿನ ವೇಗವು ಸೆಕೆಂಡಿಗೆ 1 ಮೀಟರನ್ನು ಮೀರಕೂಡದು. ತುಂಬಿದೊಡನೆ ಅಳತೆಗೋಲನ್ನು ಇಳಿಸದೆ, ಸಂಗ್ರಹವಾದ ವಿದ್ಯುತ್ತು ಇಳಿದುಹೋಗಲು ಕೆಲವು ನಿಮಿಷ ಕಾಯಬೇಕು.

ಇಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಕರಾವಳಿಯ ತೇವದ ಗಾಳಿಯಲ್ಲಿ ಕಿಡಿ ಹುಟ್ಟದೆಂಬುದು ಮೊದಲನೆಯದು. ತೇವವು ಬಟ್ಟೆಬರೆಗಳ ಮೇಲಿನ ವಿದ್ಯುತ್ತನ್ನು ತಗ್ಗಿಸಬಹುದು. ಮುಚ್ಚಿದ ತೊಟ್ಟಿಯ ತೈಲದೊಳಗಿನದನ್ನು ತಗ್ಗಿಸಲಾರದು. ಡೀಸೆಲ್ ನಿರಪಾಯಕರವೆಂಬುದು ಎರಡನೆಯದು. ಪೆಟ್ರೋಲು ಇಳಿಸಿದ ತೊಟ್ಟಿಗೆ ಡೀಸೆಲ್ ತುಂಬಿದರೆ, ಒಳಗುಳಿದ ದಟ್ಟವಾದ ಆವಿಯನ್ನು ಡೀಸೆಲ್ ಹೀರಿಕೊಳ್ಳುತ್ತದೆ. ಅತಿ ದಟ್ಟವಾಗಿದ್ದುದರಿಂದಲೇ ಉರಿಯದಿದ್ದ ಆ ಮಿಶ್ರಣವು ತೆಳುವಾಗಿ ಸ್ಫೋಟಕ ಮಿತಿಯೊಳಕ್ಕೆ ಬರುತ್ತದೆ. ಡೀಸೆಲಿನ ಹರಿವು ತಂದ ವಿದ್ಯುತ್ತೂ ಅಲ್ಲಿಯೇ ಇರುತ್ತದೆ.

ಚಾಲೂ ಎಂಜಿನ್ ಕೂಡ ಬೆಂಕಿಯ ಮೂಲವೇ. 2003ರ ಜನವರಿ 13ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ರೋಷರಾನ್ ಬಳಿ, ತೈಲಬಾವಿಗಳ ತ್ಯಾಜ್ಯ ದ್ರವವನ್ನು ಎರಡು ಲಾರಿಗಳಿಂದ ಇಳಿಸಲಾಗುತ್ತಿತ್ತು. ದ್ರವದಿಂದೆದ್ದ ಆವಿಯನ್ನು ಲಾರಿಗಳ ಡೀಸೆಲ್ ಎಂಜಿನ್‌ಗಳು ಗಾಳಿಯೊಡನೆ ಒಳಗೆಳೆದುಕೊಂಡು ಹುಚ್ಚುವೇಗದಿಂದ ತಿರುಗಿದವು, ಆವಿ ಹೊತ್ತಿಕೊಂಡಿತು. ಮೂವರು ಅಸುನೀಗಿದರು. ತ್ಯಾಜ್ಯವೆಂಬ ಹೆಸರು ಅದರ ಅಪಾಯವನ್ನು ಮರೆಸಿತ್ತು.

ನಮ್ಮ ನಾಡಿನ ಅನೇಕ ತರುಣರು ಟ್ಯಾಂಕರುಗಳ ಮೇಲೆಯೂ, ಕೊಲ್ಲಿ ರಾಷ್ಟ್ರಗಳ ತೈಲ ಕಾರ್ಯಕ್ಷೇತ್ರಗಳಲ್ಲಿಯೂ ದುಡಿಯುತ್ತಿದ್ದಾರೆ. ತಂತಿ ಜೋಡಿಸಲು ತಗಲುವ ಅರೆನಿಮಿಷವನ್ನು ಉಳಿಸಹೊರಟಾಗ ಒತ್ತೆಯಾಗುವುದು ಅವರ ಪ್ರಾಣ. ಬಾಚಣಿಗೆಯ ಪ್ರಯೋಗವನ್ನು ತೋರಿಸುವ ಉಪಾಧ್ಯಾಯರು ಅದರೊಡನೆ ಈ ಒಂದು ಮಾತನ್ನೂ ಸೇರಿಸಿ ಹೇಳಿದರೆ, ಆ ಪಾಠವು ಪರೀಕ್ಷೆಯ ಆಚೆಗೂ ಉಪಕರಿಸೀತು.