ಬೆವರಿಗೆ ನಾತವಿಲ್ಲ, ಬೂಟಿಗಿದೆ

ಏಪ್ರಿಲ್–ಮೇ ಬಂತೆಂದರೆ ಸೊಲ್ಲಾಪುರದಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಅಂಥ ಬಿಸಿಲಲ್ಲಿ ನೈಲಾನ್ ಕಾಲುಚೀಲದ ಮೇಲೆ ರೆಕ್ಸಿನ್ ಬೂಟು ಬಿಗಿದುಕೊಂಡು ಬಸ್ಸು ಹತ್ತಿದವನು ಸುಮಾರು 40 ಕಿಲೋಮೀಟರ್ ಆಚೆ ಅಕ್ಕಲಕೋಟದಲ್ಲಿ ಇಳಿದು, ಸ್ವಾಮಿ ಸಮರ್ಥರ ವಟವೃಕ್ಷ ಮಂದಿರದ ಮುಂದೆ ಬೂಟು ಬಿಚ್ಚುತ್ತಾನೆ. ಪಕ್ಕದಲ್ಲಿದ್ದವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಎರಡು ಹೆಜ್ಜೆ ಸರಿದು ನಿಲ್ಲುತ್ತಾರೆ ಅಷ್ಟೆ. ತೆರೆದ ಚಪ್ಪಲಿಯಲ್ಲಿ ಬಂದ ರೈತನಿಗೆ ಈ ಮುಜುಗರ ಕಡಿಮೆ. ಅವನ ಕಾಲಿಗೆ ಮಣ್ಣು ಮೆತ್ತಿರುತ್ತದೆ, ನಾತ ಇರುವುದಿಲ್ಲ.

ಬೆವರು ತಾನಾಗಿ ನಾರುವ ವಸ್ತುವಲ್ಲ. ಎರಡೂ ಪಾದಗಳಲ್ಲಿ ಸೇರಿ ಸುಮಾರು ಎರಡೂವರೆ ಲಕ್ಷ ಬೆವರುಗ್ರಂಥಿಗಳಿವೆ. ಅವು ಸುರಿಸುವುದು ಬಹುಪಾಲು ಉಪ್ಪುನೀರು. ಗಾಳಿ ಆಡಿದರೆ ಅದು ಅಲ್ಲೇ ಆರಿಹೋಗುತ್ತದೆ. ಬೂಟಿನೊಳಗೆ ಆರಲು ದಾರಿಯಿಲ್ಲ. ಚರ್ಮ ನೆನೆದು ಬೆಳ್ಳಗಾಗಿ ಮೆತ್ತಗಾದಾಗ ಅಲ್ಲಿ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್ ಎಂಬುದು ಬೆವರಿನಲ್ಲಿರುವ ಲ್ಯೂಸಿನ್ ಅನ್ನು ಒಡೆದು ಐಸೊವಲೆರಿಕ್ ಆಮ್ಲ ಮಾಡುತ್ತದೆ. ಕಾಲುಚೀಲದ ಆ ಕಮಟು ಮುಖ್ಯವಾಗಿ ಅದರದ್ದೇ. ಕೆಲವರ ಅಂಗಾಲಿನಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವಲ್ಲ, ಅದು ಕೈಟೊಕಾಕಸ್ ಸೆಡೆಂಟೇರಿಯಸ್‌ನಂಥವುಗಳ ಕೆಲಸ. ಚರ್ಮದ ಮೇಲ್ಪದರವನ್ನೇ ಅವು ಕರಗಿಸಿ ತಿನ್ನುತ್ತವೆ.

ನಗುವ ವಿಷಯ ಎಂದು ಪಕ್ಕಕ್ಕಿಡುವವರಿಗೆ ಒಂದು ಮಾತು. ಜನರನ್ನು ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ 2025ರಲ್ಲಿ ಭಾರತದ ವಿಕಾಶ್ ಕುಮಾರ್ ಮತ್ತು ಸಾರ್ಥಕ್ ಮಿತ್ತಲ್ ಅವರಿಗೆ ಬಂದದ್ದು ನಾರುವ ಬೂಟಿನ ಅಧ್ಯಯನಕ್ಕೇ. ಹಾಸ್ಟೆಲ್ ವಿದ್ಯಾರ್ಥಿಗಳ ಬೂಟುಗಳನ್ನು ನೋಡಿ, ಅತಿನೇರಳೆ ಬೆಳಕು ಬೀರುವ ಬೂಟಿನ ಗೂಡನ್ನು ಅವರು ರೂಪಿಸಿದರು. ಕೆಲವೇ ನಿಮಿಷದ ಬೆಳಕಿಗೆ ಬ್ಯಾಕ್ಟೀರಿಯಾ ಸಾಯುತ್ತವೆ, ಹೆಚ್ಚು ಹೊತ್ತು ಬಿಟ್ಟರೆ ಬೂಟೇ ಸುಡುತ್ತದೆ. ಅವರು ಹಿಡಿದದ್ದು ಸರಿಯಾದ ಜಾಗ. ನಾವು ದಿನಾ ಕಾಲು ತಿಕ್ಕುತ್ತೇವೆ, ರೋಗ ಕೂತಿರುವುದು ಬೂಟಿನಲ್ಲಿ.

ಮಹಾರಾಷ್ಟ್ರ ಸರ್ಕಾರ 2023ರಲ್ಲಿ ತನ್ನ ಶಾಲೆಗಳ ಮಕ್ಕಳಿಗೆ ಸಮವಸ್ತ್ರದ ಜತೆ ಬೂಟು, ಕಾಲುಚೀಲವನ್ನೂ ಕೊಡಲು ನಿರ್ಧರಿಸಿತು. ಅಕ್ಕಲಕೋಟ ತಾಲೂಕಿನ ಜಿಲ್ಲಾ ಪರಿಷತ್ ಕನ್ನಡ ಶಾಲೆಗಳ ಮಕ್ಕಳೂ ಆ ಲೆಕ್ಕದಲ್ಲಿದ್ದಾರೆ. ಕಾಲುಚೀಲ ಎರಡು ಜೊತೆ, ಬೂಟು ಒಂದೇ ಜೊತೆ. ಚೀಲವನ್ನು ಒಗೆದು ಬದಲಿಸಬಹುದು. ಮಳೆಗಾಲದಲ್ಲಿ ನೆನೆದ ಬೂಟು ಒಳಗಿನವರೆಗೆ ಒಣಗಲು ಒಂದಿಡೀ ದಿನ ಬೇಕು, ಮಗು ಮರುದಿನ ಅದನ್ನೇ ತೊಡಬೇಕು. ಬರಿಗಾಲಿಗಿಂತ ಬೂಟು ಮೇಲು, ಸಂಶಯವಿಲ್ಲ. ಆದರೆ ಕರ್ನಾಟಕ ತನ್ನ ಶಾಲೆಗಳಿಗೆ ಊರಿನ ಹವೆ ನೋಡಿ ಬೂಟಿನ ಬದಲು ಚಪ್ಪಲಿ ಕೊಡಲು ಅವಕಾಶ ಮಾಡಿದೆ. ಈ ಬಿಸಿಲುನಾಡಿಗೆ ಅದೇ ಹೆಚ್ಚು ಜಾಣತನದ್ದು ಎಂದು ನನಗನ್ನಿಸುತ್ತದೆ.

ಚಪ್ಪಲಿಯೇನು ಹೊರಗಿನ ಸರಕಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಅದು ಎಂಟು ಜಿಲ್ಲೆಗಳಿಗೆ ಸೇರಿ ಸಿಕ್ಕಿತು. ಅದರಲ್ಲಿ ಸೊಲ್ಲಾಪುರವೂ ಇದೆ, ಗಡಿಯ ಆಚೆ ಕರ್ನಾಟಕದ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡಗಳೂ ಇವೆ. ಅದರ ತೊಗಲನ್ನು ಹದ ಮಾಡುವುದು ಜಾಲಿಯ ತೊಗಟೆ, ಅಳಲೆಕಾಯಿಯ ಒಗರಿನಿಂದ. ಬೆವರುವ ಕಾಲಿಗೆ ಚಹಾ ಡಿಕಾಕ್ಷನ್ ಆರಿಸಿ ಅದರಲ್ಲಿ ಇಪ್ಪತ್ತು ನಿಮಿಷ ಪಾದ ಅದ್ದಿಡಿ ಎನ್ನುವ ಮನೆಮದ್ದಿನ ಹಿಂದಿರುವುದೂ ಇಂಥದೇ ಟ್ಯಾನಿನ್ ಒಗರು.

ಸೊಲ್ಲಾಪುರದ ಇನ್ನೊಂದು ಮದ್ದು ಟವೆಲ್. ಚಾದರದಂತೆ ಇಲ್ಲಿನ ಟೆರ್ರಿ ಟವೆಲ್ಲಿಗೂ ಭೌಗೋಳಿಕ ಗುರುತಿದೆ. ಮೈತುಂಬ ಎದ್ದು ನಿಂತ ನೂಲಿನ ಕುಣಿಕೆಗಳು ನೀರನ್ನು ಹೀರುತ್ತವೆ. ಕಾಲು ತೊಳೆಯುವವರು ಬಹಳ, ಬೆರಳ ಸಂದಿ ಒರೆಸುವವರು ಕಡಿಮೆ. ಸೋಪು ಹಚ್ಚಿ ತೊಳೆದ ಮೇಲೆ ಒಂದೊಂದು ಸಂದಿಯನ್ನೂ ಒಣಗಿಸಿದರೆ ಅರ್ಧ ಚಿಕಿತ್ಸೆ ಮುಗಿದಂತೆ. ಉಳಿದದ್ದು ದಿನಕ್ಕೊಂದು ಜೊತೆ ಒಗೆದ ಹತ್ತಿಯ ಕಾಲುಚೀಲ, ಸಾಧ್ಯವಾದರೆ ಎರಡು ಜೊತೆ ಬೂಟನ್ನು ದಿನ ಬಿಟ್ಟು ದಿನ ಹಾಕುವುದು, ಒಳಗಿನ ಅಟ್ಟೆ ತೆಗೆದು ಬಿಸಿಲಿಗಿಡುವುದು. ಬಿಸಿಲಿಗಂತೂ ಇಲ್ಲಿ ಬರವಿಲ್ಲ. ಅತಿಯಾಗಿ ಬೆವರುವವರಿಗೆ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ಸಿಗುತ್ತದೆ. ರಾತ್ರಿ ಒಣ ಪಾದಕ್ಕೆ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಸೆಂಟು ಹೊಡೆಯುವುದು ದುಡ್ಡು ದಂಡ. ಆಗ ಎರಡು ವಾಸನೆ ಬರುತ್ತವೆ.

ಬೆರಳ ಸಂದಿ ತುರಿಸಿ ಬಿರಿದಿದ್ದರೆ ಅದು ಸಾಮಾನ್ಯವಾಗಿ ಶಿಲೀಂಧ್ರ. ಅದಕ್ಕೆ ಕ್ಲೋಟ್ರಿಮಜೋಲ್ ಅಥವಾ ಟರ್ಬಿನಾಫಿನ್ ಮುಲಾಮು ಬೇಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ, ಸ್ಟೀರಾಯ್ಡ್ ಬೆರೆತ ಟ್ಯೂಬು ಬೇಡವೇ ಬೇಡ. ಎರಡು ದಿನ ತುರಿಕೆ ಅಡಗಿಸಿ ಆಮೇಲೆ ಗಜಕರ್ಣವನ್ನು ಮೈಗೆಲ್ಲ ಹಬ್ಬಿಸುವುದು ಅದರ ಗುಣ. ಅಂಗಾಲಿನ ಗುಳಿಗಳಿಗೆ ಚರ್ಮವೈದ್ಯರು ಹಚ್ಚುವ ಆ್ಯಂಟಿಬಯಾಟಿಕ್ ಕೊಡುತ್ತಾರೆ, ಕೆಲವೇ ವಾರಗಳಲ್ಲಿ ವಾಸಿಯಾಗುತ್ತದೆ.

ಸಕ್ಕರೆ ಕಾಯಿಲೆಯವರ ಲೆಕ್ಕ ಬೇರೆ. ಅವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರಬಹುದು, ಬಿಸಿ ಉಪ್ಪುನೀರಿನಲ್ಲಿ ಕಾಲಿಟ್ಟು ಬೊಬ್ಬೆ ಎದ್ದರೂ ಗೊತ್ತಾಗದು. ನಾತ ಒಂದೇ ಕಾಲಿನಿಂದ ಬರುತ್ತಿದ್ದರೆ, ಜತೆಗೆ ಕೀವು, ಬಾವು ಅಥವಾ ಚರ್ಮ ಕಪ್ಪಗಾದದ್ದು ಕಂಡರೆ ಮನೆಮದ್ದು ಹುಡುಕದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.